ಕೋವಿ, ಲೈಸೆನ್ಸು ಮತ್ತು ದಾದರಿನ ರೈಫಲ್ಲು

ಮುಂಬಯಿಯಲ್ಲಿ ಬಂದೂಕು ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಭಾಯಿಗಳು, ಸುಪಾರಿ, ರಾಮಗೋಪಾಲ ವರ್ಮನ ಸಿನೆಮಾ. ತಪ್ಪೇನಿಲ್ಲ ಬಿಡಿ, ಪೇಪರಿನಲ್ಲಿ ಬರುತ್ತಿದ್ದದ್ದೂ ಅದೇ ತಾನೆ. ಆದರೆ ಇದೇ ಊರಿನಲ್ಲಿ, ಅದರಲ್ಲೂ ದಾದರಿನಂಥ ಮಧ್ಯಮ ವರ್ಗದ ಪೇಟೆಯಲ್ಲಿ, ಬಂದೂಕಿಗೆ ಇನ್ನೊಂದು ಚರಿತ್ರೆಯೂ ಇದೆ. ಶಿವಾಜಿ ಪಾರ್ಕಿನ ಎದುರಿನ ಸಾವರ್ಕರ್ ಸ್ಮಾರಕದಲ್ಲಿ ಶಾಲೆಯ ಮಕ್ಕಳು ರೈಫಲ್ ಹಿಡಿದು ಕಾಗದದ ಗುರಿಗೆ ಹೊಡೆಯುವುದನ್ನು ಕಲಿಯುತ್ತಾರೆ. ಹತ್ತಿರದ ವರ್ಳಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನ ರೇಂಜ್ ಇದೆ. ಈ ಮಕ್ಕಳ ಕೈಗೆ ರೈಫಲ್ ಬಂದದ್ದು ಹೇಗೆ? ಯಾವ ರೈಫಲ್ ಬಂತು, ಯಾವುದು ಬರಲಿಲ್ಲ? ಈ ಪ್ರಶ್ನೆಯ ಹಿಂದೆ ಹೋದರೆ ದಾರಿ ನಮ್ಮ ಕೊಡಗಿನ ತನಕ ಹೋಗುತ್ತದೆ.

ಮೊದಲು ಊರಿನ ಮಾತು. ಮಲೆನಾಡು, ಕರಾವಳಿ ಕಡೆಯವರಿಗೆ ಕೋವಿ ಹೊಸದಲ್ಲ. ನಳಿಗೆಯ ಬಾಯಿಂದ ಮದ್ದು ತುಂಬಿ ಜಡಿಯುವ ಕೇಪಿನ ಕೋವಿ, ಆಮೇಲೆ ಬಂದ ಒಂಟಿ ನಳಿಗೆ, ಜೋಡು ನಳಿಗೆಯ ತೋಟಾ ಕೋವಿ. ಕಾಡುಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಅಂತ ಲೈಸೆನ್ಸು ಪಡೆದು, ಅಟ್ಟದ ಮೇಲೋ ಗೋಡೆಯ ಗೂಟಕ್ಕೋ ತೂಗು ಹಾಕಿರುತ್ತಿದ್ದರು. ಚುನಾವಣೆ ಬಂತೆಂದರೆ ಅದನ್ನು ಹೊತ್ತುಕೊಂಡು ಹೋಗಿ ಪೋಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ಬರಬೇಕು. ನಮ್ಮ ರೈತನಿಗೆ ಕೋವಿ ಅಂದರೆ ಹಾರೆ, ಕತ್ತಿಯ ಜೊತೆಗಿನ ಇನ್ನೊಂದು ಸಾಮಾನು. ಸರಕಾರಕ್ಕೆ ಮಾತ್ರ ಅದು ಯಾವಾಗಲೂ ಅನುಮಾನದ ವಸ್ತು.

ಈ ಅನುಮಾನ ಇಂದು ನಿನ್ನೆಯದಲ್ಲ. 1857ರ ಬಂಡಾಯದ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಶುರು ಮಾಡಿದರು. 1878ರಲ್ಲಿ ವೈಸರಾಯ್ ಲಿಟ್ಟನ್‌ನ ಕಾಲದಲ್ಲಿ ಆಯುಧ ಕಾಯ್ದೆ ಬಂತು. ಭಾರತೀಯನಿಗೆ ಲೈಸೆನ್ಸು ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ಕಾಂಗ್ರೆಸ್ಸಿನ ಶುರುವಿನ ದಿನಗಳಿಂದಲೂ ಈ ಕಾಯ್ದೆಯ ಮೇಲೆ ಸಿಟ್ಟು ಇದ್ದೇ ಇತ್ತು. ಆದರೆ ಅದಕ್ಕೂ ಮೊದಲೇ, 1861ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಅದೇ ಮಾರ್ಕ್ ಕಬ್ಬನ್ ಕೊಡವರಿಗೆ ಈ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟಿದ್ದ. ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಉಳಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇವತ್ತಿಗೂ ಕೋವಿಗೆ ಲೈಸೆನ್ಸು ಬೇಡ. 2019ರಲ್ಲಿ ಕೇಂದ್ರ ಸರಕಾರ ಇದನ್ನು 2029ರ ತನಕ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಜನ ಅವರು.

ಇನ್ನು ‘ಸ್ಪೋರ್ಟಿಂಗ್ ರೈಫಲ್’ ಅನ್ನುವ ಮಾತಿಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಸ್ಪೋರ್ಟ್ ಅಂದರೆ ಶಿಕಾರಿ. ಕೆನೆತ್ ಆಂಡರ್ಸನ್ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಅವನ .405 ವಿಂಚೆಸ್ಟರ್ ನೆನಪಿರಬೇಕು. ಅದು ಲಿವರ್ ರೈಫಲ್. ಟ್ರಿಗರಿನ ಸುತ್ತ ಇರುವ ಲಿವರನ್ನು ಕೆಳಗೆ ತಳ್ಳಿ ಮೇಲೆಳೆದರೆ ಮುಂದಿನ ತೋಟಾ ಬಂದು ಕೂರುತ್ತದೆ. ಬೋಲ್ಟ್ ರೈಫಲಿನಲ್ಲಿ ಚಿಲಕದ ಹಾಗೆ ಬೋಲ್ಟ್ ಎಳೆದು ತಳ್ಳಬೇಕು. ಸೆಮಿ ಆಟೋಮ್ಯಾಟಿಕ್ಕಿನಲ್ಲಿ ಈ ಕೆಲಸವನ್ನು ಸಿಡಿದ ತೋಟಾದ ಶಕ್ತಿಯೇ ಮಾಡಿಬಿಡುತ್ತದೆ. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು, ಆದರೆ ಮುಂದಿನ ಗುಂಡು ತಾನೇ ತಯಾರು. ಅಮೆರಿಕದಲ್ಲಿ 20ನೇ ಶತಮಾನದ ಶುರುವಿನಲ್ಲೇ ವಿಂಚೆಸ್ಟರ್, ರೆಮಿಂಗ್ಟನ್ ಕಂಪೆನಿಗಳು ಇಂಥ ಶಿಕಾರಿ ರೈಫಲ್‌ಗಳನ್ನು ಮಾರುತ್ತಿದ್ದವು. 1964ರಲ್ಲಿ ರೂಗರ್ ಕಂಪೆನಿ 10/22 ಅನ್ನುವ ಸಣ್ಣ, ಅಗ್ಗದ .22 ಸೆಮಿ ಆಟೋಮ್ಯಾಟಿಕ್ ತಂದಿತು. ಅಲ್ಲಿನ ಸಾಮಾನ್ಯ ಮನುಷ್ಯ ಅದನ್ನು ಕೊಂಡು, ನಳಿಗೆ, ಟ್ರಿಗರ್, ಹಿಡಿಯ ಮರ ಎಲ್ಲವನ್ನೂ ತನಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳುತ್ತಾನೆ. ನಮ್ಮಲ್ಲಿ ಹುಡುಗರು ಬೈಕಿನ ಹ್ಯಾಂಡಲ್, ಸೈಲೆನ್ಸರ್ ಬದಲಾಯಿಸುತ್ತಾರಲ್ಲ, ಹಾಗೆ.

ನಮ್ಮಲ್ಲಿ ಆ ಬಾಗಿಲು ತೆರೆಯಲೇ ಇಲ್ಲ. 1959ರ ಆಯುಧ ಕಾಯ್ದೆ ಮತ್ತು 1962ರ ನಿಯಮಗಳು ಸೆಮಿ ಆಟೋಮ್ಯಾಟಿಕ್ ರೈಫಲನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿದವು. 2016ರ ಹೊಸ ನಿಯಮಗಳೂ ಅದನ್ನು ಅಲ್ಲೇ ಇಟ್ಟಿವೆ. ತಮಾಷೆ ನೋಡಿ, ಅದೇ ತತ್ತ್ವದಲ್ಲಿ ಕೆಲಸ ಮಾಡುವ ಪಿಸ್ತೂಲಿಗೆ ಸಾಮಾನ್ಯ ಲೈಸೆನ್ಸು ಸಿಗಬಹುದು, ರೈಫಲಿಗೆ ಇಲ್ಲ. ಕೊಂಡದ್ದನ್ನು ತಿದ್ದಿಕೊಳ್ಳುವ ವಿಷಯದಲ್ಲೂ ಕಾಯ್ದೆ ಬಿಗಿ. ನಳಿಗೆ ಮೊಟಕು ಮಾಡುವುದು, ಒಂದು ಬಗೆಯ ಕೋವಿಯನ್ನು ಇನ್ನೊಂದು ಬಗೆಗೆ ಪರಿವರ್ತಿಸುವುದು, ನಂಬರ್ ಅಳಿಸುವುದು, ಇವೆಲ್ಲ ಜೈಲಿಗೆ ಕಳಿಸುವ ಅಪರಾಧಗಳು.

ಹಾಗಾದರೆ ಸಾಮಾನ್ಯನಿಗೆ ಸಿಕ್ಕಿದ್ದೇನು? ಬಂಗಾಳದ ಇಚ್ಛಾಪುರದ ರೈಫಲ್ ಫ್ಯಾಕ್ಟರಿಯ .315 ಬೋಲ್ಟ್ ರೈಫಲ್. ಈ .315ರ ಹಿಂದೆಯೂ ಒಂದು ಕಥೆ ಇದೆ. ಬ್ರಿಟಿಷ್ ಸೈನ್ಯದ ತೋಟಾ .303. ಅದು ಕಳುವಾಗಿ ಬಂಡಾಯಗಾರರ ಕೈ ಸೇರಬಾರದು ಅಂತ, ಸೈನ್ಯದ ತೋಟಾ ಹಿಡಿಸದ ಬೇರೆ ಅಳತೆಯ ರೈಫಲ್ಲುಗಳು ನಾಗರಿಕರ ಪಾಲಿಗೆ ಬಂದವು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪೆನಿ .315 ಮಾಡಿ ಇಲ್ಲಿಗೆ ಕಳಿಸುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೂ ನಾವು ಅದೇ ಅಳತೆಯನ್ನು ಮುಂದುವರಿಸಿದೆವು. ಆಳುವವರು ಬದಲಾದರು, ಅಳತೆ ಬದಲಾಗಲಿಲ್ಲ! 1980ರ ದಶಕದ ನಡುವಿನಿಂದ ನಾಗರಿಕರಿಗೆ ವಿದೇಶೀ ಬಂದೂಕಿನ ಆಮದೂ ನಿಂತಿತು. ಬಾಗಿಲು ತೆರೆದಿದ್ದದ್ದು ಸರಕಾರ ಒಪ್ಪಿದ ‘ಹೆಸರಾಂತ’ ಗುರಿಕಾರರಿಗೆ ಮಾತ್ರ. ಇಚ್ಛಾಪುರದ ಫ್ಯಾಕ್ಟರಿ 2021ರ ಅಕ್ಟೋಬರಿನಿಂದ ಕಾನಪುರದಲ್ಲಿ ಮುಖ್ಯ ಕಚೇರಿ ಇರುವ ಹೊಸ ಸರಕಾರಿ ಕಂಪೆನಿಯ ಅಡಿಯಲ್ಲಿದೆ.

ಇಷ್ಟರ ನಡುವೆ ಶಿಕಾರಿಯೂ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸ್ಪೋರ್ಟಿಂಗ್ ರೈಫಲಿಗೆ ಉಳಿದ ಸ್ಪೋರ್ಟ್ ಒಂದೇ, ಗುರಿಯ ಹಲಗೆ. ರಾಷ್ಟ್ರೀಯ ರೈಫಲ್ ಅಸೋಸಿಯೇಶನ್ ಹುಟ್ಟಿದ್ದು 1951ರಲ್ಲಿ, ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರ್ ಮುಂದಾಳತ್ವದಲ್ಲಿ. ಆದರೂ ತುಂಬಾ ದಿನ ಅದು ರಾಜರ ಆಟವಾಗಿಯೇ ಇತ್ತು. 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಬೆಳ್ಳಿ ಗೆದ್ದ ಕರಣಿ ಸಿಂಗ್ ಬಿಕಾನೇರಿನ ಮಹಾರಾಜ. ಸಾಮಾನ್ಯರ ಮಕ್ಕಳಿಗೆ ರೈಫಲ್ ಮುಟ್ಟಲು ಸಿಗುತ್ತಿದ್ದದ್ದು ಎನ್.ಸಿ.ಸಿ.ಯಲ್ಲಿ. ಹೊಟ್ಟೆಯ ಮೇಲೆ ಮಲಗಿ .22 ರೈಫಲಿನಿಂದ ಎಣಿಸಿ ಕೊಟ್ಟ ನಾಲ್ಕಾರು ಗುಂಡು ಹೊಡೆದರೆ ವರ್ಷದ ಭಾಗ್ಯ ಮುಗಿಯಿತು.

ದಾದರಿನ ಪಾತ್ರ ಬರುವುದು ಇಲ್ಲೇ. ಅಂಜಲಿ ಭಾಗವತ್ ಓದಿದ್ದು ದಾದರಿನ ಕೀರ್ತಿ ಕಾಲೇಜಿನಲ್ಲಿ, ಅಲ್ಲಿಗೆ ಸೇರಿದ್ದೇ ಎನ್.ಸಿ.ಸಿ.ಯ ಮೋಹದಿಂದ. 1988ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮಹಾರಾಷ್ಟ್ರಕ್ಕೆ ಬೆಳ್ಳಿ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಫೈನಲ್. 2002ರಲ್ಲಿ ಮ್ಯೂನಿಕ್ಕಿನಲ್ಲಿ ಗಂಡಸರನ್ನೂ ಹೆಂಗಸರನ್ನೂ ಒಟ್ಟಿಗೆ ನಿಲ್ಲಿಸಿದ ಸ್ಪರ್ಧೆಯಲ್ಲಿ ಚಾಂಪಿಯನ್. ಹಿಂದೆಯೇ ಬಂದವರು ಸುಮಾ ಶಿರೂರ್. ನಮ್ಮವರಿಗೆ ಗೊತ್ತಿರಲಿ, ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದಲ್ಲಿ, ಬೆಳೆದದ್ದು ಈ ಕಡೆ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದು ವಿಶ್ವ ದಾಖಲೆ ಸರಿಗಟ್ಟಿದರು. ಅದರ ಅರ್ಥ ತಿಳಿಯಬೇಕಾದರೆ ಅಳತೆ ನೋಡಬೇಕು. ಹತ್ತು ಮೀಟರ್ ದೂರ, ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ಒಂದು ಸಾಸಿವೆ ಕಾಳಿಗಿಂತ ಚಿಕ್ಕದು. ನಲವತ್ತಕ್ಕೆ ನಲವತ್ತೂ ಆ ಚುಕ್ಕೆಯನ್ನು ಮುಟ್ಟಿಯೇ ಹೋಗಬೇಕು.

ಇವರ ಕೈಯಲ್ಲಿದ್ದದ್ದು ಮದ್ದಿಲ್ಲದ, ಗಾಳಿಯ ಒತ್ತಡದಿಂದ ಸೀಸದ ಗುಂಡು ಹಾರಿಸುವ 4.5 ಮಿಲಿಮೀಟರಿನ ಏರ್ ರೈಫಲ್. ಸೆಮಿ ಆಟೋಮ್ಯಾಟಿಕ್ ಅಲ್ಲ, ಒಂದೊಂದೇ ಗುಂಡು ಕೈಯಿಂದ ಇಡಬೇಕು. ಇಲ್ಲಿ ತಿದ್ದಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ತಿದ್ದಿಕೊಳ್ಳದಿದ್ದರೆ ಆಟವೇ ಇಲ್ಲ. ಕೆನ್ನೆ ಆನಿಸುವ ತುಂಡನ್ನು ಮೇಲೆ ಕೆಳಗೆ ಸರಿಸಿ ಕಣ್ಣು ತಾನಾಗಿ ಕಿಂಡಿಯ ನೇರಕ್ಕೆ ಬರುವಂತೆ ಮಾಡಬೇಕು. ಭುಜಕ್ಕೆ ಒತ್ತುವ ಬುಡದ ಪಟ್ಟಿಯನ್ನು ಭುಜದ ವಾರೆಗೆ ತಕ್ಕಂತೆ ತಿರುಗಿಸಬೇಕು. ಟ್ರಿಗರಿನ ಬಿಗಿಯನ್ನು ಬೆರಳಿಗೆ ಹೊಂದಿಸಬೇಕು. ಒಟ್ಟು ತೂಕ 5.5 ಕಿಲೋ ಮೀರಬಾರದು. ದರ್ಜಿ ಅಂಗಿ ಹೊಲಿದ ಹಾಗೆ, ಒಬ್ಬರ ಅಳತೆಯ ರೈಫಲ್ ಇನ್ನೊಬ್ಬರಿಗೆ ಕೂರುವುದಿಲ್ಲ. ತೊಂದರೆ ಅಂದರೆ ಇಂಥ ರೈಫಲ್ಲುಗಳು ಬರುವುದು ಜರ್ಮನಿ, ಆಸ್ಟ್ರಿಯಾದಿಂದ. ಬೆಲೆ ಲಕ್ಷಗಳಲ್ಲಿ. ಹೀಗಾಗಿ ಹೊಸಬರು ಕ್ಲಬ್ಬಿನ ರೈಫಲನ್ನು ಸರದಿಯಲ್ಲಿ ಹಿಡಿಯುತ್ತಾರೆ, ಪ್ರತಿ ಸಲವೂ ಅಳತೆ ಬದಲಾಯಿಸಿಕೊಳ್ಳುತ್ತಾ.

ಈ ನಡುವೆ 1993ರ ಮಾರ್ಚ್ 12ನ್ನು ಮರೆಯುವಂತಿಲ್ಲ. ಆ ದಿನ ಬಾಂಬು ಸಿಡಿದ ಜಾಗಗಳಲ್ಲಿ ದಾದರಿನ ಪ್ಲಾಜಾ ಟಾಕೀಸೂ ಒಂದು. ಆಮೇಲೆ ಈ ಊರಿನಲ್ಲಿ ಆಯುಧ ಅನ್ನುವ ಮಾತಿಗೇ ಒಂದು ನಡುಕ ಸೇರಿಕೊಂಡಿತು. ಕಡಲ ಮೇಲೆ ಕದ್ದು ಬಂದ ಬಂದೂಕಿಗೆ ಲೈಸೆನ್ಸಿನ ಹಂಗಿರಲಿಲ್ಲ. ಲೈಸೆನ್ಸು ಕೇಳಿದವನು ಮಾತ್ರ ಇನ್ನಷ್ಟು ಕಾಯಬೇಕಾಯಿತು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕ್ರೀಡಾಪಟುಗಳಿಗೆ ಬೇರೆ ವಿನಾಯಿತಿ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಅಮೆರಿಕದ ಹಾಗೆ ಸೆಮಿ ಆಟೋಮ್ಯಾಟಿಕ್ ರೈಫಲ್ ಅಂಗಡಿಯಲ್ಲಿ ಸುಲಭವಾಗಿ ಸಿಗದಿರುವುದೇ ಒಳ್ಳೆಯದು. ಅಲ್ಲಿ ಶಾಲೆಗಳಲ್ಲಿ ಏನಾಗುತ್ತಿದೆ ಅಂತ ಓದುತ್ತಲೇ ಇದ್ದೇವೆ. ಲೋಕಲ್ ರೈಲಿನಲ್ಲಿ ಸೀಟಿಗೆ ಆಗುವ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬ್ರಿಟಿಷರು ಬಿಟ್ಟುಹೋದ ಅನುಮಾನವನ್ನು ಆಟದ ರೈಫಲಿನ ಮೇಲೂ ಹೊರಿಸಿ, ಅದನ್ನು ದುಡ್ಡಿದ್ದವರ ಮನೆಯ ಸಾಮಾನು ಮಾಡಿದ್ದು ಸರಿಯಲ್ಲ. ಅಡ್ಡಿಗಳ ನಡುವೆಯೂ ಹುಡುಗರು ಗೆದ್ದಿದ್ದಾರೆ. 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾಗೆ ಮನೆಯಲ್ಲೇ ರೇಂಜ್ ಇತ್ತು, ಸರಿ. ಆದರೆ 2024ರ ಪ್ಯಾರಿಸ್ಸಿನಲ್ಲಿ 50 ಮೀಟರಿನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಗೆ ತಾಗಿದ ಕೊಲ್ಲಾಪುರ ಜಿಲ್ಲೆಯ ಹಳ್ಳಿಯವನು. ಆಗ ಅವನ ಕೆಲಸ ಸೆಂಟ್ರಲ್ ರೈಲ್ವೆಯಲ್ಲಿ, ಟಿಕೆಟ್ ನೋಡುವುದಾಗಿತ್ತು. ಸುಮಾ ಅವರ ಬಳಿ ಕಲಿತ ಅವನಿ ಲೇಖರಾ 2021ರಲ್ಲಿ ಟೋಕಿಯೋದಲ್ಲಿ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ಪ್ಯಾರಾಲಿಂಪಿಕ್ಸ್ ಚಿನ್ನ ಹೊಡೆದಳು.

ಇವರಿಗೆಲ್ಲ ಬೇಕಾಗಿದ್ದದ್ದು ತಾನೇ ಗುಂಡು ತುಂಬಿಕೊಳ್ಳುವ ಬಂದೂಕಲ್ಲ. ಮೈಗೆ ಹೊಂದುವ, ಕೈಗೆಟಕುವ ಬೆಲೆಯ ಒಂದು ರೈಫಲ್, ಮತ್ತು ಅದನ್ನು ದಿನವೂ ಹಿಡಿಯಲು ಹತ್ತು ಮೀಟರ್ ಉದ್ದದ ಒಂದು ಜಾಗ. ಅಷ್ಟನ್ನು ನಮ್ಮ ಶಾಲೆ ಕಾಲೇಜುಗಳು ಒದಗಿಸಿದರೆ ಚಿಕ್ಕಬಳ್ಳಾಪುರದ ಇನ್ನೊಬ್ಬ ಹುಡುಗಿಗೆ ಮುಂಬಯಿ ತನಕ ಬರುವ ಅಗತ್ಯವೇ ಇರಲಿಕ್ಕಿಲ್ಲ. ಏನಂತೀರಿ?