ಹಚ್ಚೆ: ಠಾಣೆ–ಕಲ್ಯಾಣ ಸೀಮೆಯ ಗೋಂದಣ ಮತ್ತು ಅದನ್ನು ಹಾಕುವವರು

ಸೂಜಿಯಿಂದ ಚರ್ಮ ಚುಚ್ಚಿ, ಮಸಿ ಇಳಿಸಿ, ಅಳಿಯದ ಗುರುತು ಮೂಡಿಸುವ ಕಲೆ ಹಚ್ಚೆ. ಉತ್ತರ ಕರ್ನಾಟಕದಲ್ಲಿ ಇದನ್ನು ಹಣಚಿಬೊಟ್ಟು ಎನ್ನುತ್ತಾರೆ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ ಸುತ್ತಿನ ಮರಾಠಿ ಜನರಿಗೆ ಇದು ಗೋಂದಣ. ಖಾಡಿಯ (ಸಮುದ್ರದ ಹಿನ್ನೀರಿನ) ದಂಡೆಯ ಆಗ್ರಿ, ಕೋಳಿ ಜನರಲ್ಲೂ ಶಹಾಪುರ, ಮುರಬಾಡ ತಾಲೂಕುಗಳ ಠಾಕರ, ಕಾತಕರಿ, ವಾರ್ಲಿ ಜನರಲ್ಲೂ ಹಳೆಯ ತಲೆಮಾರಿನ ಹೆಂಗಸರ ಹಣೆ, ಗದ್ದ, ಮುಂಗೈ ಮೇಲೆ ಇದನ್ನು ಕಾಣಬಹುದು. ಹಣೆಯ ಚುಕ್ಕಿ, ಮೊಳಕೈವರೆಗಿನ ಚುಕ್ಕಿಸಾಲು, ತುಳಸಿ ಕಟ್ಟೆ, ಚೇಳು ಇವು ಸಾಮಾನ್ಯ ಚಿತ್ರಗಳು. ಸತ್ತಾಗ ಒಡವೆಯೆಲ್ಲ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂಬ ನಂಬಿಕೆ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಒಂದೇ.

ಎಣ್ಣೆದೀಪದ ಮೇಲೆ ಮಡಕೆಯ ಚೂರು ಹಿಡಿದು ಕೂಡಿಸಿದ ಕಾಡಿಗೆಯೇ ಬಣ್ಣ. ಅದನ್ನು ಎದೆಹಾಲಿನಲ್ಲೋ ಸೊಪ್ಪಿನ ರಸದಲ್ಲೋ ಕಲಸುತ್ತಾರೆ. ಕಡ್ಡಿಯಿಂದ ಚಿತ್ರ ಬರೆದು, ಎಡಗೈಯಲ್ಲಿ ಚರ್ಮ ಬಿಗಿಹಿಡಿದು, ದಾರ ಸುತ್ತಿ ಒಂದುಗೂಡಿಸಿದ ಸೂಜಿಗಳಿಂದ ಒಂದೇ ಸಮನೆ ಚುಚ್ಚುತ್ತಾರೆ. ಒಸರಿದ ರಕ್ತ ಒರೆಸಿ, ಮತ್ತೆ ಮಸಿ ಉಜ್ಜಿ, ಕೊನೆಗೆ ಅರಿಶಿನ ಸವರುತ್ತಾರೆ. ಹುಡುಗಿ ನೋವು ಮರೆಯಲೆಂದು ಹಚ್ಚೆಯವಳು ಹಾಡುತ್ತಿರುತ್ತಾಳೆ. ಕೈಯೂ ಬಾಯಿಯೂ ಏಕಕಾಲಕ್ಕೆ ಪಳಗಿದವಳಿಗೆ ಮಾತ್ರ ಒಗ್ಗುವ ಕಸುಬಿದು. ಹಕ್ಕಳೆ ಉದುರಿದ ಮೇಲೆ ಕಪ್ಪು ಮಸಿ ಹಸಿರು ಮಿಶ್ರಿತ ನೀಲಿಯಾಗಿ ಕಾಣುವುದು ಚರ್ಮದೊಳಗೆ ಬೆಳಕು ಚದುರುವುದರಿಂದ. ಮೇಲ್ಚರ್ಮ ಕಳಚಿ ಹೊಸದಾಗುತ್ತಿದ್ದರೂ ಮಸಿಯ ಕಣಗಳು ಕೆಳಪದರದಲ್ಲಿ ಕುಳಿತಿರುವುದರಿಂದ ಗುರುತು ಬದುಕಿಡೀ ಉಳಿಯುತ್ತದೆ.

ಹಚ್ಚೆ ಹಾಕುತ್ತಿದ್ದವರು ಬಹುಪಾಲು ಅಲೆಮಾರಿ ಹೆಂಗಸರು. ಕೊಂಕಣಪಟ್ಟಿಯಲ್ಲಿ ಹಚ್ಚೆಯವಳಿಗೆ ಗೋಂದಣಾರೀಣ ಎಂಬ ಹೆಸರು. ಕನ್ನಡನಾಡಿನಲ್ಲಿ ಕಣಿ ಹೇಳುತ್ತ ಬರುವ ಕೊರವರ ಹೆಂಗಸು, ಕೊರವಂಜಿಯೇ ಹಚ್ಚೆಯವಳೂ ಹೌದು. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರಲ್ಲಿ ಗಂಡಸರು ಆಟ ಕಟ್ಟಿದರೆ ಹೆಂಗಸರು ಹಚ್ಚೆ ಚುಚ್ಚುತ್ತಿದ್ದರು. ಕಿಳ್ಳೇಕ್ಯಾತರ ಮನೆಮಾತು ಮರಾಠಿಯ ಒಂದು ಬಗೆ. ಸುಗ್ಗಿ ಮುಗಿದ ಮೇಲೆ ಊರೂರು ಸುತ್ತಿ ಕಾಳುಕಡಿ, ಹಳೆ ಸೀರೆ, ಚಿಲ್ಲರೆ ಕಾಸು ಪಡೆಯುತ್ತಿದ್ದ ಈ ಕಲಾವಿದೆಯರಿಗೆ ಸಮಾಜ ಕಲಾವಿದರ ಮರ್ಯಾದೆ ಕೊಡಲಿಲ್ಲ. ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆ ಕೊರವರಂಥ ಅಲೆಮಾರಿಗಳ ತಿರುಗಾಟವನ್ನೇ ಗುಮಾನಿಗೆ ಗುರಿಮಾಡಿತು. ಅಪರಾಧಿಗಳೆಂಬ ಆ ಹಣೆಪಟ್ಟಿ ಕಾನೂನಿನ ಮಟ್ಟಿಗೆ ಕಳಚಿದ್ದು 1952ರಲ್ಲಿ.

ಹಚ್ಚೆಯವರಿಗೆ ಮರ್ಯಾದೆ ಸಿಕ್ಕ ನಾಡೂ ಇದೆ: ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಹಚ್ಚೆ ತಾ ಮೊಕೊದ ಕತೆ ಇದಕ್ಕಿಂತ ಬೇರೆ. ಅಲ್ಲಿ ಎಲುಬಿನ ಉಳಿಯಿಂದ ಚರ್ಮವನ್ನು ಗೀರಿ ಕೊರೆಯುತ್ತಿದ್ದರು. ಮುಖದ ಗೆರೆಗಳು ವಂಶವನ್ನೂ ಅಂತಸ್ತನ್ನೂ ಸಾರುತ್ತಿದ್ದವು. ಕೊರೆಯುವವನಿಗೆ ತೊಹುಂಗ, ಅಂದರೆ ಜ್ಞಾನಿಯ ಸ್ಥಾನವಿತ್ತು. ವಸಾಹತು ಕಾಲದಲ್ಲಿ ಗಂಡಸರ ಮುಖದ ಮೊಕೊ ಕ್ಷೀಣಿಸಿದರೂ ಹೆಂಗಸರ ಗದ್ದದ ಮೊಕೊ ಉಳಿದುಕೊಂಡಿತು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಾವೊರಿ ಭಾಷಾ–ಸಂಸ್ಕೃತಿ ಚಳವಳಿಯೊಂದಿಗೆ ಈ ಕಲೆಯೂ ಚೇತರಿಸಿಕೊಂಡಿತು. 2021ರಲ್ಲಿ ಮಾವೊರಿ ವಾರ್ತಾವಾಚಕಿ ಒರೀನಿ ಕೈಪರ ಗದ್ದದ ಮೊಕೊದೊಂದಿಗೇ ಅಲ್ಲಿನ ದೂರದರ್ಶನದ ಪ್ರಮುಖ ವಾರ್ತೆ ಓದಿದರು.

ಠಾಣೆ ಸೀಮೆಯಲ್ಲಿ ಅಂಥ ಚಳವಳಿ ಎದ್ದಿಲ್ಲ. 1970ರಲ್ಲಿ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ಎದ್ದಾಗ ಆಗ್ರಿ–ಕೋಳಿ ಹಳ್ಳಿಗಳು ಹೊಸ ಬಡಾವಣೆಗಳ ನಡುವಿನ ಗಾವಠಾಣಗಳಾಗಿ (ಹಳೆಯ ಊರಿನ ನೆಲೆಗಳಾಗಿ) ಉಳಿದವು. ಶಾಲೆಗೆ ಹೋದ ಹುಡುಗಿಯರಿಗೆ ಹಣೆಯ ಚುಕ್ಕಿ ಹಳ್ಳಿತನದ ಗುರುತಾಗಿ ಕಂಡು ಬೇಡವಾಯಿತು. ಜಾತ್ರೆಗಳಲ್ಲಿ ಕೈಸೂಜಿಯ ಜಾಗಕ್ಕೆ ವಿದ್ಯುತ್ ಯಂತ್ರ ಬಂತು. ಅದರ ಮೂಲ ಸ್ಯಾಮ್ಯುಯೆಲ್ ಒ'ರೈಲಿ 1891ರಲ್ಲಿ ನ್ಯೂಯಾರ್ಕಿನಲ್ಲಿ ಪೇಟೆಂಟ್ ಪಡೆದ ಸಾಧನ. ಯಂತ್ರದ ಜೊತೆ ಕೆಲಸ ಗಂಡಸರ ಕೈಗೆ ಜಾರಿ, ತುಳಸಿ ಕಟ್ಟೆಯ ಬದಲು ಹೆಸರು, ಹೃದಯ, ಓಂಕಾರಗಳು ಮೂಡತೊಡಗಿದವು. ಒಂದೇ ಸೂಜಿಯನ್ನು ಹಲವರಿಗೆ ಬಳಸಿದರೆ ಹೆಪಟೈಟಿಸ್ ಬಿ, ಎಚ್‌ಐವಿ ಹರಡುವ ಅಪಾಯವಂತೂ ಹಳೆಯದಕ್ಕೂ ಹೊಸದಕ್ಕೂ ಸಮಾನ.

ಈಗ ನಗರದ ಟ್ಯಾಟೂ ಅಂಗಡಿಗಳಲ್ಲಿ ವಾರ್ಲಿ ಚಿತ್ರಗಳಿಗೂ ಬೇಡಿಕೆಯಿದೆ. ಆದರೆ ಆ ತ್ರಿಕೋನದ ಆಕೃತಿಗಳು ಗೋಡೆಗೆ ಅಕ್ಕಿಹಿಟ್ಟಿನಲ್ಲಿ ಬರೆಯುವ ಚಿತ್ರದಿಂದ ಬಂದವೇ ಹೊರತು ಗೋಂದಣದಿಂದಲ್ಲ. ಗೋಂದಣದ ನಿಜವಾದ ಮಾದರಿಗಳು ಇನ್ನೂ ಇರುವುದು ಮುರಬಾಡ, ಶಹಾಪುರದ ಪಾಡಾಗಳ (ಆದಿವಾಸಿ ಹಾಡಿಗಳ) ಮತ್ತು ಗಾವಠಾಣಗಳ ಅಜ್ಜಿಯರ ಕೈಮೇಲೆ. ಚಿತ್ರದ ಜೊತೆ ಚುಚ್ಚಿದವಳು ಯಾರು, ಯಾವ ಊರಿಂದ ಬಂದವಳು ಎಂಬುದನ್ನೂ ಅವರನ್ನೇ ಕೇಳಿ ಬರೆದಿಡುವ ಕೆಲಸ ಆಗಲೇಬೇಕು.