ಜೊತ್ತೊನ ನೊಣ, ಡಂಕಣನ ಕಪ್ಪೆ

ಕಾಲೇಜಿನ ಮೊದಲ ವರ್ಷದವರಿಗೆ ಪಾಶ್ಚಾತ್ಯ ಕಲೆಯ ಇತಿಹಾಸ ಯಾಕೆ ಕಲಿಸಬೇಕು? ಕೃತಿಯನ್ನು ನೋಡಿ ವರ್ಣಿಸುವುದು, ಕಾಲ ಗುರುತಿಸುವುದು, ಮಾಡಿಸಿದವರು ಯಾರು ಅಂತ ಕೇಳುವುದು... ಉದ್ದೇಶಗಳ ಪಟ್ಟಿ ಸಾಮಾನ್ಯವಾಗಿ ಹೀಗೇ ಇರುತ್ತೆ. ನನ್ನ ಮಟ್ಟಿಗೆ ಇನ್ನೊಂದು ಮುಖ್ಯ: ಕಥೆ ಯಾವುದು, ದಾಖಲೆ ಯಾವುದು ಅಂತ ಬೇರೆ ಮಾಡುವುದು.

ಇಟಲಿಯ ವಸಾರಿ 16ನೇ ಶತಮಾನದಲ್ಲಿ ಕಲಾವಿದರ ಜೀವನಚರಿತ್ರೆಗಳನ್ನು ಬರೆದ. ಅದರಲ್ಲಿ ಹುಡುಗ ಜೊತ್ತೊ, ಗುರು ಚಿಮಾಬುವೆ ಬಿಡಿಸಿದ ಮುಖದ ಮೂಗಿನ ಮೇಲೆ ನೊಣವೊಂದನ್ನು ಬಿಡಿಸುತ್ತಾನೆ. ಗುರು ನಿಜವಾದ ನೊಣ ಅಂದುಕೊಂಡು ಓಡಿಸಲು ಹೋಗುತ್ತಾನೆ. ಜೊತ್ತೊ ತೀರಿಕೊಂಡದ್ದು 1337ರಲ್ಲಿ, ವಸಾರಿ ಹುಟ್ಟಿದ್ದು 1511ರಲ್ಲಿ!

ಗುರುವನ್ನು ಮೀರಿಸಿದ ಹುಡುಗನ ಕಥೆ ನಮ್ಮ ತುಮಕೂರಿನವರಿಗೆ ಹೊಸದಲ್ಲ ಬಿಡಿ. ಕುಣಿಗಲ್ ರಸ್ತೆಯಲ್ಲಿ ಗೂಳೂರಿನ ಹತ್ತಿರ ಕೈದಾಳ ಇದೆ. ಬೇಲೂರಿನ ವಿಗ್ರಹದ ಕಲ್ಲಲ್ಲಿ ಕಪ್ಪೆ ಇದೆ ಅಂತ ಮಗ ಡಂಕಣ ತೋರಿಸಿದನಂತೆ, ಜಕಣಾಚಾರಿ ಬಲಗೈ ಕಡಿದುಕೊಂಡನಂತೆ, ಇಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಬಂತಂತೆ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಸಿನಿಮಾ ನೋಡಿದವರಿಗಂತೂ ಅನುಮಾನವೇ ಇಲ್ಲ. ಆದರೆ ಅದೇ ಊರಿನ 1150ರ ಶಾಸನ, ಗುಡಿಗಳನ್ನು ಕಟ್ಟಿಸಿದವನು ಸಾಮಂತ ಬಾಚಿ ಅನ್ನುತ್ತೆ.

ಕಥೆ ನಂಬಿದರೆ ಏನು ನಷ್ಟ ಅಂತೀರಾ? ನಷ್ಟ ನಿಜವಾದ ಶಿಲ್ಪಿಗಳಿಗೆ. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿದ್ದಾರೆ. ಅಲ್ಲೂ ಅಪ್ಪ-ಮಗನೇ ನೋಡಿ! ಸೋಮನಾಥಪುರದಲ್ಲಿ ಮಲ್ಲಿತಮ್ಮನ ಸಹಿ ಇದೆ. ಎಂಟುನೂರು ವರ್ಷದಿಂದ ಕಲ್ಲಿನ ಮೇಲೇ ಇರುವ ಈ ಹೆಸರುಗಳನ್ನು ಬಿಟ್ಟು, ಎಲ್ಲ ಗುಡಿಯನ್ನೂ ಜಕಣನ ಲೆಕ್ಕಕ್ಕೆ ಬರೆದುಬಿಟ್ಟಿದ್ದೇವೆ.

ನಾನು ಪಾಠ ಮಾಡುವುದಾದರೆ ಮೊದಲ ತರಗತಿ ಕೈದಾಳದಲ್ಲೇ. ಮೊದಲು ಕಪ್ಪೆಯ ಕಥೆ, ಆಮೇಲೆ ಶಾಸನ. ಜೊತ್ತೊ ಮುಂದಿನ ವಾರ ಬರಲಿ.