ಬಲ್ಮಠದಿಂದ ಆನಂದಪುರಕ್ಕೆ: ದೈವಕರೆ ಮತ್ತು ಗುರುಮಠದ ತರಬೇತಿ

ಕೊಡಗಿನ ಸಿದ್ದಾಪುರದ ಆಸುಪಾಸಿನಲ್ಲಿ, ಕಾಫಿ ತೋಟಗಳ ನಡುವೆ, ಆನಂದಪುರ ಎಂಬ ಊರಿದೆ. ಆನಂದ ತುಂಬಿದ ಊರೆಂದು ಯಾರೋ ಹಾರೈಸಿ ಇಟ್ಟ ಹೆಸರಿರಬೇಕು ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಒಬ್ಬ ವ್ಯಕ್ತಿಯ ಹೆಸರು. ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯ (1825–1893) ಎಂಬವರು ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದರು, ಬಲ್ಮಠದ ದೈವಶಾಸ್ತ್ರ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅವರು ಕಥೋಲಿಕರಲ್ಲ. ಆದರೂ ಇತರ ಸಭೆಗಳ ಸಹೋದರರ ಬದುಕಿನಲ್ಲಿ ಕಾಣುವ ಕ್ರಿಸ್ತರ ಸಾಕ್ಷ್ಯವನ್ನು ಸಂತೋಷದಿಂದ ಗುರುತಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ನಮಗೆ ಕಲಿಸಿದೆ. ದೈವಕರೆಯ ಭಾನುವಾರದಂದು ಯುವಕರ ಮುಂದೆ ಏನು ಹೇಳಲಿ ಎಂದು ಕೇಳುವ ಉಪದೇಶಿಗಳಿಗೂ ಧರ್ಮಗುರುಗಳಿಗೂ ಈ ಜೀವನಕಥೆ ಉಪಯೋಗಕ್ಕೆ ಬಂದೀತು.

ಕೌಂಡಿನ್ಯರು ಹುಟ್ಟಿದ್ದು ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಓದಿದ್ದು ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ. 1844ರ ಜನವರಿಯಲ್ಲಿ, ಹದಿನೆಂಟರ ಪ್ರಾಯದಲ್ಲಿ, ಇನ್ನಿಬ್ಬರು ಬ್ರಾಹ್ಮಣ ಯುವಕರೊಂದಿಗೆ ಅವರು ಸ್ನಾನದೀಕ್ಷೆ ಪಡೆದರು. ಮಂಗಳೂರು ಪೇಟೆಯಲ್ಲಿ ದೊಡ್ಡ ಗದ್ದಲವೇ ಆಯಿತು. ಅಂದಿನ ಪದ್ಧತಿಯಂತೆ ಅವರಿಗೆ ಎಳೆಯ ಪ್ರಾಯದಲ್ಲೇ ಮದುವೆಯಾಗಿತ್ತು. ಹೆಂಡತಿ ಅವರ ಹಿಂದೆ ಬರಲಿಲ್ಲ. ಕರೆಗೆ ಓಗೊಟ್ಟವರ ಕಥೆ ಹೇಳುವಾಗ ಈ ಮಾತನ್ನು ನಾವು ಬೇಗ ದಾಟಿಬಿಡುತ್ತೇವೆ. ಕರೆ ಒಬ್ಬರಿಗೆ ಬಂದರೂ ಅದರ ಬೆಲೆಯನ್ನು ಮನೆಯವರೂ ತೆರುತ್ತಾರೆ. ಮಗನನ್ನು ಗುರುಮಠಕ್ಕೆ ಕಳುಹಿಸಿದ ನಮ್ಮ ತಾಯಂದಿರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಮುಖ್ಯವಾದ ಸಂಗತಿಯೆಂದರೆ, ಕರೆ ಮೊದಲೇ ಬಂದಿತ್ತು. ಶಾಲೆ ಅದನ್ನು ಹುಟ್ಟಿಸಲಿಲ್ಲ. ಹಾಗಾದರೆ ಶಾಲೆ ಮಾಡಿದ್ದೇನು?

ಅದಕ್ಕೆ ಹರ್ಮನ್ ಮೊಗ್ಲಿಂಗರ (1811–1881) ಬಗ್ಗೆ ಸ್ವಲ್ಪ ಹೇಳಬೇಕು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದವರು ಎಂದು ಅವರನ್ನು ಎಲ್ಲರೂ ಬಲ್ಲರು. ಪತ್ರಿಕೆಗಿಂತ ಹೆಚ್ಚಿನ ಶ್ರಮವನ್ನು ಅವರು ಹಾಕಿದ್ದು ಬಲ್ಮಠದ ಗುಡ್ಡದ ಮೇಲಿನ ಹುಡುಗರ ಮೇಲೆ. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಕಲಿತ ಈ ಜರ್ಮನ್ ಪಂಡಿತರು ಬಂಗಲೆ ಬಿಟ್ಟು ವಿದ್ಯಾರ್ಥಿಗಳ ಜೊತೆಯಲ್ಲಿ ವಾಸಿಸಿದರು, ಅವರೊಂದಿಗೆ ಕುಳಿತು ಅನ್ನ ಸಾರು ಉಂಡರು. ತಮ್ಮ ಜೊತೆಯವರಿಗೇ ಇದು ಅತಿಯೆನಿಸಿತು. ಆದರೆ ಗುರುವೂ ಶಿಷ್ಯನೂ ಒಂದೇ ಮಾಡಿನಡಿ ಇರಬೇಕು ಎಂಬುದು ಅವರ ಪಠ್ಯಕ್ರಮದ ಮೊದಲ ಪಾಠವಾಗಿತ್ತು. ಕೌಂಡಿನ್ಯರಿಗೆ ದೀಕ್ಷೆಯಲ್ಲಿ ‘ಹರ್ಮನ್’ ಎಂಬ ಹೆಸರು ಬಂದದ್ದು ಈ ಗುರುವಿನಿಂದಲೇ.

1846ರಲ್ಲಿ ಸ್ವದೇಶಕ್ಕೆ ಹೊರಟ ಮೊಗ್ಲಿಂಗರು ಶಿಷ್ಯನನ್ನೂ ಜೊತೆಗೆ ಕರೆದೊಯ್ದರು. ಸ್ವಿಟ್ಜರ್ಲೆಂಡಿನ ಬಾಸೆಲಿನ ಮಿಷನ್ ವಿದ್ಯಾಲಯದಲ್ಲಿ ಕೌಂಡಿನ್ಯರು 1851ರವರೆಗೆ ಕಲಿತು, ಅಭಿಷೇಕ ಹೊಂದಿ ಮಂಗಳೂರಿಗೆ ಮರಳಿದರು. ಆ ವಿದ್ಯಾಲಯಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ವ್ಯುರ್ಟೆಂಬರ್ಗ್ ಪ್ರಾಂತ್ಯದ ರೈತರ, ಕುಶಲಕರ್ಮಿಗಳ ಮಕ್ಕಳು. ಬೈಬಲ್ ಹಾಗೂ ಅದರ ಮೂಲಭಾಷೆಗಳ ಪಾಠದ ಜೊತೆಗೆ ಕೈಕೆಲಸವೂ ಕಡ್ಡಾಯವಾಗಿತ್ತು. ಏಳುವುದು, ಪ್ರಾರ್ಥಿಸುವುದು, ಓದುವುದು, ದುಡಿಯುವುದು ಎಲ್ಲಕ್ಕೂ ಗಂಟೆ ನಿಗದಿ. ಮುಂದೆ ಇದೇ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಯಾರಿಗೂ ಆಶ್ಚರ್ಯವಾಗಬೇಕಿರಲಿಲ್ಲ. ಕೈಗೆ ಮಣ್ಣು ಮೆತ್ತಿಕೊಳ್ಳದ ಸೇವೆಯನ್ನು ಆ ವಿದ್ಯಾಲಯ ಕಲಿಸಿರಲೇ ಇಲ್ಲ. ಮಡಿ ಮೈಲಿಗೆಯ ಲೆಕ್ಕದಲ್ಲಿ ಬೆಳೆದ ಯುವಕನೊಬ್ಬ ಐದು ವರ್ಷ ರೈತರ ಮಕ್ಕಳ ಜೊತೆ ಒಂದೇ ಮೇಜಿನಲ್ಲಿ ಉಂಡು, ಅವರೊಂದಿಗೆ ಮೈಬಗ್ಗಿಸಿ ದುಡಿದದ್ದು ಗ್ರೀಕ್ ವ್ಯಾಕರಣಕ್ಕಿಂತ ಕಡಿಮೆ ಪಾಠವಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಪಾಠದ ಪರೀಕ್ಷೆ ನಡೆದದ್ದು ಕೊಡಗಿನಲ್ಲಿ.

ಕೊಡಗು 1834ರಲ್ಲಿ ಬ್ರಿಟಿಷರ ವಶವಾಗಿತ್ತು. ಕಥೋಲಿಕರು ಅಲ್ಲಿಗೆ ಅದಕ್ಕಿಂತ ಮೊದಲೇ ತಲಪಿದ್ದರು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ರಾಜ ದೊಡ್ಡವೀರರಾಜೇಂದ್ರರು ಆಶ್ರಯ ಕೊಟ್ಟರು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಆರಂಭ 1792ರಲ್ಲಿ. ಬಾಸೆಲ್ ಮಿಷನ್ನಿನ ಕೆಲಸ ಆರಂಭವಾದದ್ದು 1853ರಲ್ಲಿ, ಸೋಮಯ್ಯ ಎಂಬ ಕೊಡವರೊಬ್ಬರು ಕ್ರೈಸ್ತರಾದಾಗ. ಮೊಗ್ಲಿಂಗರು ಅವರ ಬೆಂಬಲಕ್ಕೆಂದು ಕೊಡಗಿಗೆ ಹೋಗಿ ನೆಲೆಸಿದರು. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ಕೊಡವರು ಗುಂಪಾಗಿ ಸಭೆಗೆ ಬಂದಾರು ಎಂಬ ನಿರೀಕ್ಷೆ ಅವರಿಗಿತ್ತು, ಅದು ಈಡೇರಲಿಲ್ಲ. ಬಾಗಿಲು ತಟ್ಟಿದವರು ಬೇರೆಯವರು. ಅಂದಿನ ದಾಖಲೆಗಳು ಹೊಲೆಯರೆಂದು ಕರೆಯುವ, ತಲೆಮಾರುಗಳಿಂದ ಒಡೆಯರ ಗದ್ದೆಗಳಲ್ಲಿ ಜಮ್ಮದ ಆಳುಗಳಾಗಿ ದುಡಿಯುತ್ತಿದ್ದ ಜನ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ 1843ರಲ್ಲೇ ರದ್ದಾಗಿತ್ತು. ಆದರೆ ಕಾಯಿದೆ ಬದಲಾದ ಮಾತ್ರಕ್ಕೆ ಆಳಿಗೆ ಗುಡಿಸಲು ಕಟ್ಟಲು ಸ್ವಂತ ನೆಲ ಸಿಗಲಿಲ್ಲ. ಒಡೆಯನ ಜಾಗ ಬಿಟ್ಟರೆ ಹೋಗುವುದೆಲ್ಲಿಗೆ?

ಈ ಪ್ರಶ್ನೆಗೆ ಪ್ರಸಂಗದಿಂದ ಉತ್ತರ ಕೊಡಲು ಬರುತ್ತಿರಲಿಲ್ಲ. 1850ರ ದಶಕದ ಕೊನೆಯ ಹೊತ್ತಿಗೆ ಗುರುಶಿಷ್ಯರಿಬ್ಬರೂ ಸೇರಿ, ಕೌಂಡಿನ್ಯರು ಮುಂದೆ ನಿಂತು, ಈ ಕುಟುಂಬಗಳಿಗಾಗಿ ನೆಲ ಮಾಡಿ ಒಂದು ಊರನ್ನು ನೆಲೆಗೊಳಿಸಿದರು. ಅದೇ ಆನಂದಪುರ. ಅಲ್ಲಿ ಕಾಫಿ ಬೆಳೆಸಿದರು. ದೈವಶಾಸ್ತ್ರದ ಯಾವ ಪುಸ್ತಕದಲ್ಲೂ ಕಾಫಿ ಗಿಡಕ್ಕೆ ನೆರಳು ಎಷ್ಟಿರಬೇಕು ಎಂದು ಬರೆದಿರುವುದಿಲ್ಲ! ಅದರ ಮೇಲೆ 1860ರ ದಶಕದಲ್ಲಿ ಕಾಂಡಕೊರಕ ಹುಳು ಕೊಡಗಿನ ಕಾಫಿಗೆ ಭಾರೀ ಹಾನಿ ಮಾಡಿತು. ತೋಟ ನಡೆಸುವುದು ಯಾರಿಗೂ ಸುಲಭವಾಗಿದ್ದ ಕಾಲವಲ್ಲ ಅದು.

ಇದರಲ್ಲಿ ಎಲ್ಲವೂ ಸರಿಯಿತ್ತು ಎಂದು ಹೇಳಲಾಗದು. ಸಭೆಯೇ ನೆಲದ ಯಜಮಾನನಾದಾಗ ವಿಶ್ವಾಸಿ ಯಾವ ಮಾತಿಗೆ ಹೌದೆನ್ನುತ್ತಾನೆ, ಯಾವುದಕ್ಕೆ ಹೆದರಿ ಸುಮ್ಮನಿರುತ್ತಾನೆ ಎಂದು ಬಿಡಿಸಿ ಹೇಳುವುದು ಕಷ್ಟ. ನಮ್ಮ ಕರಾವಳಿಯ ಕಥೋಲಿಕ ಸಂಸ್ಥೆಗಳೂ ಒಕ್ಕಲುಗಳನ್ನು ಇಟ್ಟುಕೊಂಡಿದ್ದವು, ಆದ್ದರಿಂದ ಇದು ನೆರೆಮನೆಯ ದೋಷ ಮಾತ್ರವಲ್ಲ. ಆದರೂ ಬ್ರಾಹ್ಮಣನಾಗಿ ಹುಟ್ಟಿದವನ ಹೆಸರು ಜಮ್ಮದ ಆಳುಗಳ ಊರಿಗೆ ನಿಂತಿತು ಎಂಬುದು ಸಣ್ಣ ಸಂಗತಿಯೇನಲ್ಲ.

ಮೊಗ್ಲಿಂಗರು 1860ರಲ್ಲಿ ಜರ್ಮನಿಗೆ ಮರಳಿದರು, ಮತ್ತೆ ಬರಲಿಲ್ಲ. ಕೌಂಡಿನ್ಯರು ಅದೇ ವರ್ಷ ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬವರನ್ನು ವಿವಾಹವಾದರು. ಗುರು ಹೋದ ನಂತರವೂ ಅವರ ಸೇವೆ ಮುಂದುವರಿಯಿತು. ಕೊಡಗಿನ ಜೊತೆಗೆ ಅವರ ಇನ್ನೊಂದು ಕಾಲು ಸದಾ ಬಲ್ಮಠದಲ್ಲಿತ್ತು. ಉಪದೇಶಿಗಳನ್ನೂ ಸಭಾಪಾಲಕರನ್ನೂ ಕನ್ನಡದಲ್ಲಿ ತರಬೇತುಗೊಳಿಸುವುದೇ ಅವರ ಕಸುಬಾಗಿತ್ತು. ಮೊದಲ ಉತ್ಸಾಹದಲ್ಲಿ ಮಾಡಿದ ತೀರ್ಮಾನವನ್ನು ಅವರು ನಲವತ್ತಕ್ಕೂ ಹೆಚ್ಚು ವರ್ಷ ದಿನದಿನವೂ ನಿಭಾಯಿಸಿದರು. ಬಾಸೆಲಿನ ದಿನಚರಿ ಕೊಟ್ಟದ್ದು ಆ ಅಭ್ಯಾಸವನ್ನು. ಬಲ್ಮಠದ ಆ ಪರಂಪರೆ 1965ರಿಂದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ರೂಪದಲ್ಲಿ ನಡೆದುಬಂದಿದೆ.

ನಮ್ಮ ಸಭೆಯಲ್ಲಿ ಗುರುಮಠಗಳ ವ್ಯವಸ್ಥೆ 1563ರ ಟ್ರೆಂಟ್ ಮಹಾಸಭೆಯ ಆಜ್ಞೆಯಿಂದ ಬಂದದ್ದು. ಕರಾವಳಿಗೆ ಅದನ್ನು ತಂದವರು ಜೆಸ್ವಿಟರು, 1879ರಲ್ಲಿ. ಇಂದಿನ ಜೆಪ್ಪು ಸಂತ ಜೋಸೆಫರ ಗುರುಮಠ ಅದೇ. ಅಲ್ಲಿ ಕಲಿತು 1900ರಲ್ಲಿ ಗುರುದೀಕ್ಷೆ ಪಡೆದ ರೇಮಂಡ್ ಮಸ್ಕರೇನ್ಹಸರು 1921ರಲ್ಲಿ ಬೆಥನಿ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದರು. ಧರ್ಮಸಭೆಯ ಕಾನೂನು ತತ್ವಶಾಸ್ತ್ರಕ್ಕೆ ಎರಡು, ದೈವಶಾಸ್ತ್ರಕ್ಕೆ ನಾಲ್ಕು, ಒಟ್ಟು ಕನಿಷ್ಠ ಆರು ವರ್ಷಗಳ ಅಧ್ಯಯನವನ್ನು ಬೇಡುತ್ತದೆ. ಸಂತ ಎರಡನೇ ಜಾನ್ ಪಾಲರು 1992ರಲ್ಲಿ ಗುರುಗಳ ತರಬೇತಿಯ ಕುರಿತು ಬರೆದಾಗ ನಾಲ್ಕು ಅಂಗಗಳನ್ನು ಹೇಳಿದರು: ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ ಮತ್ತು ಪಾಲನಾ ಸೇವೆಯ ತರಬೇತಿ. ಮಾನವೀಯ ತರಬೇತಿಯೇ ಉಳಿದವುಗಳ ಬುನಾದಿ ಎಂದರು. ಗುರುಮಠದಲ್ಲಿ ಪಾತ್ರೆ ತೊಳೆಯುವ ಸರದಿಯನ್ನು ಶಿಕ್ಷೆಯೆಂದು ತಿಳಿದಿದ್ದ ನಮಗೆ ಅದು ಅರ್ಥವಾದದ್ದು ಬಹಳ ತಡವಾಗಿ.

ಗುರುಗಳಾಗುವವರಿಗೆ ಮಾತ್ರ ಈ ವಿಷಯ ಸಂಬಂಧಿಸಿದ್ದು ಎಂದು ಭಾವಿಸಬಾರದು. ಕೊಡಗು ಇಂದು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ಕೊಂಕಣಿ, ಮಲಯಾಳಂ, ತಮಿಳು, ಕನ್ನಡ ಮಾತನಾಡುವ ವಿಶ್ವಾಸಿಗಳು ತೋಟಗಳಲ್ಲಿ ಚದುರಿಕೊಂಡಿರುವ ಕಡೆ ಮಕ್ಕಳಿಗೆ ಧರ್ಮೋಪದೇಶ ಹೇಳಲು ಉಪದೇಶಿಗಳು ಬೇಕೇ ಬೇಕು. ಪೋಪ್ ಫ್ರಾನ್ಸಿಸರು 2021ರ ಮೇ 10ರಂದು ಉಪದೇಶಿಗಳ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಅದಕ್ಕೆ ಆರಿಸುವವರಿಗೆ ಬೈಬಲ್, ದೈವಶಾಸ್ತ್ರ, ಪಾಲನಾ ಸೇವೆ ಹಾಗೂ ಬೋಧನಾ ಕ್ರಮಗಳಲ್ಲಿ ತಕ್ಕ ತರಬೇತಿ ಇರಬೇಕೆಂದೂ ವಿಧಿಸಿದರು. ಭಾನುವಾರ ಬಲಿಪೂಜೆಯ ನಂತರ ಯಾರಾದರೂ ಒಬ್ಬ ಟೀಚರನ್ನು ಹಿಡಿದು, ಈ ವರ್ಷ ನೀವೇ ನೋಡಿಕೊಳ್ಳಿ ಎಂದು ಪುಸ್ತಕ ಕೈಗಿಡುವ ನಮ್ಮ ರೂಢಿಗೆ ಆ ಪತ್ರದಲ್ಲಿ ಜಾಗವಿಲ್ಲ. ತರಬೇತಿಗೆ ಹೋಗುವ ಉಪದೇಶಿಯ ಬಸ್ಸಿನ ಖರ್ಚು, ಆ ದಿನಗಳ ಕೂಲಿ ಇವನ್ನು ಯಾರು ಕೊಡಬೇಕು ಎಂಬುದನ್ನು ಧರ್ಮಕೇಂದ್ರದ ಪಾಲನಾ ಪರಿಷತ್ತುಗಳು ವರ್ಷದ ಬಜೆಟ್ ಬರೆಯುವಾಗಲೇ ತೀರ್ಮಾನಿಸಿಕೊಳ್ಳಬೇಕು.